‘ಏಕತಾನವಲ್ಲದ ತರ್ಕ’ ಸರಿಯೇ? (ನಾನ್‌ಮೊನೊಟಾನಿಕ್, ಡೀಫಾಲ್ಟ್, ಎಕ್ಸೆಪ್ಷನ್)

ಪ್ರಶ್ನೆ

ಬಳಗದವರಿಗೆ ನಮಸ್ಕಾರ. ಜ್ಞಾನ ನಿರೂಪಣೆಯ ಪಾಠವೊಂದು ಕನ್ನಡಕ್ಕೆ ಬರುತ್ತಿದೆ. ವರ್ಗ–ಉಪವರ್ಗಗಳ ಸಂಬಂಧ ಬರೆಯುವ ಡಿಸ್ಕ್ರಿಪ್ಷನ್ ಲಾಜಿಕ್‌ಗೆ ‘ವಿವರಣಾ ತರ್ಕ’ ಎಂದಿಟ್ಟುಕೊಂಡಾಗಿದೆ, ಅದರಲ್ಲಿ ತಕರಾರಿಲ್ಲ. ಕರಡಿನಲ್ಲಿ ನಾನ್‌ಮೊನೊಟಾನಿಕ್‌ಗೆ ‘ಏಕತಾನವಲ್ಲದ’, ಡೀಫಾಲ್ಟ್‌ಗೆ ‘ಪೂರ್ವನಿಯೋಜಿತ’, ಎಕ್ಸೆಪ್ಷನ್‌ಗೆ ‘ವಿನಾಯಿತಿ’, ಸರ್ಕಮ್‌ಸ್ಕ್ರಿಪ್ಷನ್‌ಗೆ ‘ಪರಿವೃತ್ತೀಕರಣ’ ಎಂದಿದೆ. ನಾಲ್ಕೂ ಕಿವಿಗೆ ಒಗ್ಗುತ್ತಿಲ್ಲ. ‘ಹಕ್ಕಿಗಳು ಹಾರುತ್ತವೆ, ಆದರೆ ಪೆಂಗ್ವಿನ್ ಹಾರದು’ ಎಂಬ ಹಳೆಯ ಉದಾಹರಣೆ ಬಿಟ್ಟು ಬೆಂಗಳೂರಿನ ಹುಡುಗರಿಗೆ ಥಟ್ಟನೆ ತಿಳಿಯುವ ಉದಾಹರಣೆಯೂ ಬೇಕು.

ಉತ್ತರ 1

‘ಏಕತಾನ’ ಬೇಡ. ಅದು ಬೇಸರ ಹುಟ್ಟಿಸುವ ಒಂದೇ ರಾಗ. ‘ಏಕತಾನವಲ್ಲದ ತರ್ಕ’ ಎಂದರೆ ಸ್ವಾರಸ್ಯವಾದ ತರ್ಕ ಅಂತಾಗಿಬಿಡುತ್ತದೆ. ಮೊನೊಟಾನಿಕ್ ಎಂದರೆ ಹೊಸ ವಾಕ್ಯ ಸೇರಿದಂತೆಲ್ಲ ತೀರ್ಮಾನಗಳ ಪಟ್ಟಿ ಬೆಳೆದೀತೇ ಹೊರತು ಕುಗ್ಗದು ಎಂದು. ‘ಏಕಮುಖ ಸಂಚಾರ’ ಬೋರ್ಡು ಓದದವರಿಲ್ಲ, ಹಾಗಾಗಿ ಇದಕ್ಕೆ ‘ಏಕಮುಖ’, ಎದುರಿನದಕ್ಕೆ ‘ಏಕಮುಖವಲ್ಲದ’. ಒಂದೇ ಪದ ಬೇಕೆಂದು ‘ಬಹುಮುಖ’ ಅನ್ನಬೇಡಿ, ಅದು ಪ್ರತಿಭೆಗೆ ಮೀಸಲು.

‘ಪೂರ್ವನಿಯೋಜಿತ’ ಮೊಬೈಲಿನ ಸೆಟ್ಟಿಂಗ್‌ಗೆ ಸರಿ, ಯಾರೋ ಮೊದಲೇ ಇಟ್ಟದ್ದು. ಪತ್ರಿಕೆ ಓದುವವರಿಗೆ ಅದರ ಜೊತೆಗೇ ‘ಕೃತ್ಯ’ ನೆನಪಾಗುತ್ತದೆ. ಸಾಲದ ಡೀಫಾಲ್ಟ್ ‘ಸುಸ್ತಿ’; ಅದಂತೂ ಬೇರೆಯೇ. ಇಲ್ಲಿನ ಅರ್ಥಕ್ಕೆ ‘ವಾಡಿಕೆ’ ಹೇಳಿ ಮಾಡಿಸಿದಂತಿದೆ. ‘ವಾಡಿಕೆಗಿಂತ ಹೆಚ್ಚು ಮಳೆ’ ಎಂದಾಗ ಮಳೆ ತಪ್ಪು ಮಾಡಿತೆಂದು ಯಾರೂ ತಿಳಿಯುವುದಿಲ್ಲ. ಡೀಫಾಲ್ಟ್ ನಿಯಮಕ್ಕೆ ‘ವಾಡಿಕೆ ನಿಯಮ’, ಎಂದೂ ಮುರಿಯದ್ದಕ್ಕೆ ‘ಬಿಗಿ ನಿಯಮ’.

ಉದಾಹರಣೆಗೆ ಬಿಎಂಟಿಸಿ ಬಸ್ಸೇ ಸಾಕು. ಪ್ರಯಾಣಿಕರು ದುಡ್ಡು ಕೊಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ, ಶೂನ್ಯ ಟಿಕೆಟ್. ಹವಾನಿಯಂತ್ರಿತ ವಜ್ರ ಹತ್ತಿದರೆ ಅವರೂ ಕೊಡಬೇಕು. ಅಪವಾದಕ್ಕೊಂದು ಅಪವಾದ.

ಮೂರನ್ನೂ ಬಿಗಿ ನಿಯಮಗಳಾಗಿ ಬರೆದರೆ ಏನಾಗುತ್ತದೆ? ‘ಮಹಿಳಾಪ್ರಯಾಣಿಕರು ⊑ ಪ್ರಯಾಣಿಕರು’ (ಮೊದಲನೆಯದು ಎರಡನೆಯದರ ಉಪವರ್ಗ) ಇದ್ದೇ ಇದೆ. ಆ ವರ್ಗ ಹಣ ತೆರುವವರಲ್ಲೂ ಸೇರಬೇಕು, ಸೇರಲೂಬಾರದು. ಆದ್ದರಿಂದ ಅದು ಖಾಲಿ. ಇಂಥ ನಿಯಮಗಳನ್ನು ಬರೆಯುವ ಪ್ರೊಟೆಜೆ ತಂತ್ರಾಂಶದಲ್ಲಿ ಹರ್ಮಿಟ್ ಎಂಬ ತರ್ಕಯಂತ್ರ ಓಡಿಸಿ ನೋಡಿದರೆ ಆ ವರ್ಗದ ಹೆಸರು ಕೆಂಪಾಗಿ ‘ನಥಿಂಗ್’ ಎಂಬ ಖಾಲಿ ವರ್ಗದ ಕೆಳಗೆ ಹೋಗಿ ಕೂರುತ್ತದೆ. ಈ ಹಂತದಲ್ಲಿ ಜ್ಞಾನಕೋಶ (ಬರೆದಿಟ್ಟ ನಿಯಮ, ಸಂಗತಿಗಳ ಒಟ್ಟು ಸಂಗ್ರಹ) ಇನ್ನೂ ಅಸಂಗತವಲ್ಲ, ಎಂದರೆ ತನಗೆ ತಾನೇ ವಿರುದ್ಧವಲ್ಲ, ವಿದ್ಯಾರ್ಥಿಗಳು ಎಡವುವುದು ಇಲ್ಲೇ. ‘ಲಲಿತಾ ಮಹಿಳಾಪ್ರಯಾಣಿಕಳು’ ಎಂದು ಒಂದೇ ಒಂದು ಸಾಲು ಸೇರಿಸಿ, ಇಡೀ ಕೋಶ ಕುಸಿಯುತ್ತದೆ. ಆಮೇಲೆ ಅದರಿಂದ ಏನು ಬೇಕಾದರೂ ಹೊರಡುತ್ತದೆ.

ಮೂರನ್ನೂ ವಾಡಿಕೆ ನಿಯಮಗಳೆಂದು ಬರೆದು, ವರ್ಗ–ಉಪವರ್ಗ ಸಂಬಂಧವನ್ನು ಮಾತ್ರ ಬಿಗಿಯಾಗಿಟ್ಟು, ಲೀಮನ್ ಮತ್ತು ಮಗಿಡೋರ್ 1992ರಲ್ಲಿ ಕೊಟ್ಟ ರ್‍ಯಾಷನಲ್ ಕ್ಲೋಷರ್ (ವಾಡಿಕೆ ನಿಯಮಗಳಿಗೆ ದರ್ಜೆ ಹಚ್ಚಿ ತೀರ್ಮಾನಿಸುವ ವಿಧಾನ) ಬಳಸಿ. ಮೂರೂ ನಿಯಮ ಒಟ್ಟಿಗಿರುವಾಗ ಯಾವ ವರ್ಗಕ್ಕೆ ವಿರೋಧ ಬರುತ್ತದೆ ಎಂದು ಕೇಳುತ್ತೀರಿ: ‘ಪ್ರಯಾಣಿಕರು’ ಪಾರು, ಅದರ ನಿಯಮಕ್ಕೆ ದರ್ಜೆ 0. ಉಳಿದೆರಡನ್ನು ಮತ್ತೆ ಕೇಳಿದರೆ ‘ಮಹಿಳಾಪ್ರಯಾಣಿಕರು’ ಪಾರು, ದರ್ಜೆ 1. ವಜ್ರದ ಮಹಿಳೆಯರ ನಿಯಮಕ್ಕೆ ದರ್ಜೆ 2. ಒಟ್ಟು 3+2+1, ಆರು ಸಲ ಮಾಮೂಲಿ ತರ್ಕಯಂತ್ರವನ್ನೇ ಕೇಳಿದ್ದು. ಹೊಸ ಯಂತ್ರ ಬೇಕಿಲ್ಲ. ವಜ್ರದಲ್ಲಿ ಕೂತ ಮಹಿಳೆಯ ಬಗ್ಗೆ ಪ್ರಶ್ನೆ ಬಂದರೆ ದರ್ಜೆ 2ರ ನಿಯಮವನ್ನಷ್ಟೇ ಉಳಿಸಿಕೊಳ್ಳುತ್ತೀರಿ: ದುಡ್ಡು ಕೊಡುತ್ತಾಳೆ. ಲಲಿತಾ ವಜ್ರ ಹತ್ತಿದ್ದಾಳೆಂದು ಗೊತ್ತಾಗುವ ಮುಂಚಿನ ‘ಕೊಡುವುದಿಲ್ಲ’ ಬಿದ್ದುಹೋಯಿತು. ಏಕಮುಖವಲ್ಲ ಎಂದರೆ ಇದೇ.

ಇನ್ನು ‘ವಿನಾಯಿತಿ’. ಶಕ್ತಿ ಯೋಜನೆ ನಿಜಕ್ಕೂ ವಿನಾಯಿತಿ, ಸರ್ಕಾರ ಕೊಟ್ಟದ್ದು. ಪೆಂಗ್ವಿನ್‌ಗೆ ಹಾರದಿರಲು ಯಾರೂ ವಿನಾಯಿತಿ ಕೊಟ್ಟಿಲ್ಲ. ಉತ್ಸರ್ಗ (ಸಾಮಾನ್ಯ ನಿಯಮ)–ಅಪವಾದ ಜೋಡಿ ವ್ಯಾಕರಣಶಾಸ್ತ್ರದ ಹಳೆಯ ಆಸ್ತಿ. ‘ಬ್ರಾಹ್ಮಣರಿಗೆ ಮೊಸರು ಕೊಡಿ, ಕೌಂಡಿನ್ಯನಿಗೆ ಮಜ್ಜಿಗೆ’ ಎಂಬ ಮಹಾಭಾಷ್ಯದ ಮಾತು ಇದೇ ಲೆಕ್ಕ: ಕೌಂಡಿನ್ಯನೂ ಬ್ರಾಹ್ಮಣನೇ, ಆದರೂ ಮಜ್ಜಿಗೆ ಬಂದಾಗ ಮೊಸರು ತಪ್ಪುತ್ತದೆ. ‘ಉತ್ಸರ್ಗ’ವನ್ನು ಇಂದಿನವರು ‘ಉತ್ಸರ್ಜನೆ’ ಎಂದು ಓದಿಕೊಂಡಾರು, ಬಿಡಿ. ‘ಅಪವಾದ’ ಉಳಿಸಿಕೊಳ್ಳಿ. ಅದು ಚಾಡಿಮಾತಾಗುತ್ತದೆಂದು ಹೆದರಬೇಕಿಲ್ಲ, ವಿಭಕ್ತಿಯೇ ಕಾಯುತ್ತದೆ: ‘ಅವನ ಮೇಲೆ ಅಪವಾದ’ ಎಂದರೆ ಆರೋಪ, ‘ಇದಕ್ಕೆ ಅಪವಾದ’ ಎಂದರೆ ಎಕ್ಸೆಪ್ಷನ್. ‘ಮೇಲೆ’ ಬರದಂತೆ ನೋಡಿಕೊಂಡರಾಯಿತು.

ಉತ್ತರ 2

‘ವಾಡಿಕೆ’ಗೆ ನನ್ನದೂ ಒಂದು ಮತ. ಆದರೆ ರೇಮಂಡ್ ರೈಟರ್ 1980ರಲ್ಲಿ ಕೊಟ್ಟ, ‘ಇದು ಗೊತ್ತಿದ್ದು, ಅದಕ್ಕೆ ವಿರೋಧವಿಲ್ಲದಿದ್ದರೆ, ಹೀಗೆ ತೀರ್ಮಾನಿಸು’ ಎಂಬ ಮೂರು ಭಾಗಗಳ ಡೀಫಾಲ್ಟ್‌ನ ನಡುವಣ ಭಾಗವಾದ ಜಸ್ಟಿಫಿಕೇಷನ್‌ಗೆ ‘ಸಮರ್ಥನೆ’ ಎಂದು ಬರೆದೀರಿ, ಜೋಕೆ. ಅಲ್ಲಿ ಯಾರೂ ಏನನ್ನೂ ಸಮರ್ಥಿಸುವುದಿಲ್ಲ. ವಿರೋಧ ಇಲ್ಲದಿದ್ದರೆ ಸಾಕು. ನಿವೇಶನದ ಕಡತದಲ್ಲಿರುವ ‘ನಿರಾಕ್ಷೇಪಣಾ ಪತ್ರ’ದ ‘ನಿರಾಕ್ಷೇಪಣೆ’ಯೇ ಸರಿಯಾದ ಪದ.

‘ಪರಿವೃತ್ತ’ ರೇಖಾಗಣಿತದಲ್ಲಿ ತ್ರಿಭುಜದ ಮೂರೂ ಶೃಂಗ ಮುಟ್ಟುವ ವೃತ್ತ. ಮೆಕಾರ್ಥಿಯ ಸರ್ಕಮ್‌ಸ್ಕ್ರಿಪ್ಷನ್ ಮಾಡುವುದು ಅಪವಾದಗಳ ಗುಂಪನ್ನು ಆದಷ್ಟು ಚಿಕ್ಕದಾಗಿಸುವ ಕೆಲಸ. ‘ಕನಿಷ್ಠಗೊಳಿಕೆ’ ಎನ್ನಿ.

ಬಸ್ಸಿನ ಉದಾಹರಣೆಗೆ ಇನ್ನೊಂದು ವಾಡಿಕೆ ನಿಯಮ ಸೇರಿಸಿ: ‘ಪ್ರಯಾಣಿಕರು ನಿಲ್ದಾಣದಲ್ಲೇ ಇಳಿಯುತ್ತಾರೆ.’ ಅದೂ ದರ್ಜೆ 0. ಮಹಿಳೆಯರ ಪ್ರಶ್ನೆ ಬಂದಾಗ ದರ್ಜೆ 0 ಪೂರ್ತಿ ಕೈಬಿಡುವುದರಿಂದ, ದುಡ್ಡಿಗೂ ಇಳಿಯುವುದಕ್ಕೂ ಸಂಬಂಧವಿಲ್ಲದಿದ್ದರೂ, ಅವರು ನಿಲ್ದಾಣದಲ್ಲಿ ಇಳಿಯುತ್ತಾರೆಂದು ಹೇಳಲಾಗುವುದಿಲ್ಲ. ಇದೇ ಡ್ರೌನಿಂಗ್ ಪ್ರಾಬ್ಲಮ್. ‘ಮುಳುಗಡೆ ಸಮಸ್ಯೆ’ ಅಂದರೆ ಅಣೆಕಟ್ಟಿನ ಮಾತು ಅನ್ನಿಸುತ್ತದೆ, ಆದರೆ ಒಪ್ಪುತ್ತದೆ: ನೀರು ಏರಿದಾಗ ತಪ್ಪು ಮಾಡದ ಮನೆಯೂ ಮುಳುಗುತ್ತದೆ. ಲೆಕ್ಸಿಕೋಗ್ರಾಫಿಕ್ ಕ್ಲೋಷರ್ ಎಂಬ ಇನ್ನೊಂದು ವಿಧಾನ ದರ್ಜೆ 0ರಲ್ಲಿ ಉಳಿಸಬಹುದಾದಷ್ಟು ನಿಯಮಗಳನ್ನು ಉಳಿಸುತ್ತದೆ. ಲೆಕ್ಕ ಮಾತ್ರ ಭಾರ.