ಫ್ರಂಟ್ ಲೋಡ್ ಮಷಿನ್, ಫ್ರಿಜ್, ಸ್ಪ್ಲಿಟ್ ಎಸಿ: ಮನೆ ಬದಲಾಯಿಸುವಾಗ ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಗಿಯಬೇಕು?

ಹೊಸ್ತಿಲು (ಪ್ರಶ್ನೆ)

ನಮಸ್ಕಾರ. ಮುಂದಿನ ವಾರ ಮನೆ ಬದಲಾಯಿಸುತ್ತಿದ್ದೇವೆ. ಈಗಿರುವುದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿಂದ ಲಾರಿಯಲ್ಲಿ ಐದಾರು ಗಂಟೆಯ ದಾರಿ. ಪಾತ್ರೆ ಪಗಡೆಯ ಚಿಂತೆಯಿಲ್ಲ, ಮೂರು ದೊಡ್ಡ ಸಾಮಾನಿನದ್ದೇ ತಲೆನೋವು: 8 ಕೆಜಿಯ ಫ್ರಂಟ್ ಲೋಡ್ ವಾಷಿಂಗ್ ಮಷಿನ್, ಡಬಲ್ ಡೋರ್ ಫ್ರಿಜ್, 1.5 ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ (ಆರ್32 ಗ್ಯಾಸ್).

ಮಷಿನ್ ಜೊತೆ ಬಂದಿದ್ದ ಟ್ರಾನ್ಸಿಟ್ ಬೋಲ್ಟ್‌ಗಳು (ಸಾಗಿಸುವಾಗ ಒಳಗಿನ ಟಬ್ ಅಲುಗದಂತೆ ಹಿಂಬದಿಯಿಂದ ಬಿಗಿಯುವವು) ಎಲ್ಲೂ ಸಿಗುತ್ತಿಲ್ಲ. ಅವಿಲ್ಲದೆ ಸಾಗಿಸಬಹುದಾ? ಫ್ರಿಜ್ ಮಲಗಿಸಿದರೆ ನಿಜವಾಗಿಯೂ ಹಾಳಾಗುತ್ತದಾ, ಇಲ್ಲಾ ಸುಮ್ಮನೆ ಹೇಳುವ ಮಾತಾ? ಎಸಿ ಬಿಚ್ಚಲು ಬರುವವರು "ಗ್ಯಾಸ್ ಹೋದರೆ ಹೋಗಲಿ, ಅಲ್ಲಿ ತುಂಬಿಸಿಕೊಳ್ಳಿ" ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ?

ಸ್ಪ್ಯಾನರ್_13

ಮಷಿನ್ ಬಗ್ಗೆ ಹೇಳುತ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ಬೋಲ್ಟ್ ಇಲ್ಲದೆ ಐದು ಗಂಟೆ ಲಾರಿ ಪ್ರಯಾಣ ಬೇಡ. ಫ್ರಂಟ್ ಲೋಡ್‌ನ ಟಬ್ ಹೊರಕವಚಕ್ಕೆ ಬಿಗಿದು ಕೂತಿರುವುದಿಲ್ಲ. ಮೇಲಿನಿಂದ ಸ್ಪ್ರಿಂಗ್‌ಗಳಲ್ಲಿ ನೇತಾಡುತ್ತಿರುತ್ತದೆ, ಕೆಳಗೆ ಶಾಕ್ ಅಬ್ಸಾರ್ಬರ್‌ಗಳ ಆಸರೆ ಇರುತ್ತದೆ. ಸಾಲದ್ದಕ್ಕೆ ಟಬ್ಬಿಗೆ ಕಾಂಕ್ರೀಟ್ ದಿಮ್ಮಿ ಬೇರೆ ಬಿಗಿದಿರುತ್ತಾರೆ. ಮಷಿನ್ನಿನ 60-70 ಕೆಜಿಯಲ್ಲಿ ದೊಡ್ಡ ಪಾಲು ಹೀಗೆ ತೂಗಾಡುವ ಭಾರವೇ. ಲಾರಿ ಹಂಪ್ ಹಾರಿದಾಗ ಸ್ಪ್ರಿಂಗಿನ ಕೊಕ್ಕೆ ಕಳಚಬಹುದು, ಶಾಕ್ ಅಬ್ಸಾರ್ಬರಿನ ಪಿನ್ ಮುರಿಯಬಹುದು, ಕಾಂಕ್ರೀಟ್ ಬಿರುಕು ಬಿಡಬಹುದು. ಹೊರಗಿನಿಂದ ಒಂದು ಗೀರೂ ಕಾಣುವುದಿಲ್ಲ. ಹೊಸ ಮನೆಯಲ್ಲಿ ಮೊದಲ ಸ್ಪಿನ್‌ಗೆ ಮಷಿನ್ ದಡದಡ ಕುಣಿದಾಗಲೇ ಗೊತ್ತಾಗುವುದು.

ಹೊಸ ಬೋಲ್ಟ್ ತರಿಸಿ. ಬಾಗಿಲು ತೆರೆದರೆ ಅಂಚಿನಲ್ಲಿ ಮಾಡೆಲ್ ನಂಬರಿನ ಸ್ಟಿಕ್ಕರ್ ಇರುತ್ತದೆ, ಇಲ್ಲದಿದ್ದರೆ ಹಿಂಬದಿ ನೋಡಿ. ಓರೆಗೆರೆಯ ನಂತರದ ಅಂಕಿಯನ್ನೂ ಬಿಡದೆ ಪೂರ್ತಿ ನಂಬರ್ ಕೊಡಿ. ಹಾರ್ಡ್‌ವೇರ್ ಅಂಗಡಿಯ ಬರೀ ಬೋಲ್ಟ್ ತುರುಕುವುದು ಬೇಡವೇ ಬೇಡ. ಟ್ರಾನ್ಸಿಟ್ ಬೋಲ್ಟಿನ ಮೇಲೆ ಪ್ಲಾಸ್ಟಿಕ್ ಕೊಳವೆ, ರಬ್ಬರ್ ಬುಷ್ ಇರುತ್ತವೆ. ಹಿಂಬದಿಯ ತಗಡಿಗೂ ಟಬ್ಬಿಗೂ ನಡುವಿನ ಸಂದು ತುಂಬಿ ಟಬ್ ಅಲುಗದಂತೆ ಹಿಡಿಯುವುದು ಅವೇ. ಬರೀ ಬೋಲ್ಟ್ ಒಂದೆರಡು ಸೆಂಟಿಮೀಟರ್ ಉದ್ದವಾದರೂ ಪ್ಲಾಸ್ಟಿಕ್ ಟಬ್ಬಿಗೇ ತೂತು.

ಅಷ್ಟರಲ್ಲಿ ಬೋಲ್ಟ್ ಬರದಿದ್ದರೆ: ಪ್ಲಗ್ ತೆಗೆದು, ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಮೇಲಿನ ಹಲಗೆಯನ್ನು ಹಿಂದಕ್ಕೆ ಜರುಗಿಸಿ ಎತ್ತಿ. ಟಬ್ಬಿನ ಎರಡೂ ಪಕ್ಕಕ್ಕೆ, ಹಿಂದೆ, ಮುಂದಿನ ಕಾಂಕ್ರೀಟಿನ ಸಂದಿಗೆ ಗಟ್ಟಿ ಫೋಮ್ ಅಥವಾ ಮಡಚಿದ ದಪ್ಪ ಟವೆಲ್ ಸಮವಾಗಿ ತುಂಬಿ. ಮೇಲ್ಗಡೆ ಒಂದು ತೆಳು ರಬ್ಬರ್ ನಳಿಗೆ ಪ್ರೆಶರ್ ಸ್ವಿಚ್‌ಗೆ ಹೋಗಿರುತ್ತದೆ. ಅದು ಮಡಿಸಿಕೊಂಡರೆ ಅಥವಾ ಕಳಚಿದರೆ ನೀರಿನ ಮಟ್ಟವೇ ಮಷಿನ್ನಿಗೆ ತಿಳಿಯುವುದಿಲ್ಲ, ಹುಷಾರು. ಇದು ಬೋಲ್ಟಿಗೆ ಸಮನಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಬೋಲ್ಟ್ ಹಾಕುವ ಮೊದಲು ನೀರು ಖಾಲಿ ಮಾಡಿ. ಮುಂಭಾಗದಲ್ಲಿ ಕೆಳಗಿರುವ ಚಿಕ್ಕ ಮುಚ್ಚಳದೊಳಗೆ ಪಂಪ್ ಫಿಲ್ಟರ್ ಇದೆ. ತಗ್ಗಾದ ತಟ್ಟೆ ಇಟ್ಟು ನಿಧಾನಕ್ಕೆ ತಿರುಗಿಸಿದರೆ ಒಂದೆರಡು ಲೀಟರ್ ಬರುತ್ತದೆ. ಬಿಟ್ಟರೆ ಆ ನೀರೆಲ್ಲ ಮೆಟ್ಟಿಲ ಮೇಲೆ, ಹೊತ್ತವರ ಕಾಲಡಿ. ಎತ್ತುವಾಗ ತಳದ ಅಂಚು ಹಿಡಿಯಬೇಕು; ಬಾಗಿಲಾಗಲಿ ಸೋಪಿನ ಡ್ರಾಯರಾಗಲಿ ಹಿಡಿಕೆಯಲ್ಲ.

ತಂಪುಪೆಟ್ಟಿಗೆ

ಫ್ರಿಜ್ ಮಲಗಿಸಿದರೆ ಹಾಳಾಗೇ ಆಗುತ್ತದೆ ಅನ್ನುವುದೂ ತಪ್ಪು, ಏನೂ ಆಗುವುದಿಲ್ಲ ಅನ್ನುವುದೂ ತಪ್ಪು.

ಕಂಪ್ರೆಸರಿನ ತಳದಲ್ಲಿ ಎಣ್ಣೆ ಇರುತ್ತದೆ. ಮಲಗಿಸಿದರೆ ಅದು ಪೈಪುಗಳಿಗೆ ಹರಿಯುತ್ತದೆ. ಹಾಗೇ ಸ್ವಿಚ್ ಹಾಕಿದರೆ ಎಣ್ಣೆ ಸಿಲಿಂಡರಿಗೆ ನುಗ್ಗಿ ವಾಲ್ವ್ ಮುರಿಯಬಹುದು ಅಥವಾ ಕ್ಯಾಪಿಲರಿ ಎಂಬ ಕೂದಲೆಳೆಯಂಥ ಪೈಪಿನಲ್ಲಿ ಕಟ್ಟಿಕೊಳ್ಳಬಹುದು. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಪರಿಹಾರವೂ ಸುಲಭ: ಎಷ್ಟು ಹೊತ್ತು ಮಲಗಿತ್ತೋ ಅಷ್ಟು ಹೊತ್ತು ನಿಲ್ಲಿಸಿಡುವುದು, ಒಂದು ದಿನಕ್ಕಿಂತ ಹೆಚ್ಚು ಮಲಗಿದ್ದರೆ 24 ಗಂಟೆ ಸಾಕು.

ಕಾಯ್ದರೂ ಸರಿಹೋಗದ್ದು ಇನ್ನೊಂದಿದೆ. ಕಂಪ್ರೆಸರಿನ ಕಪ್ಪು ಡಬ್ಬಿಯೊಳಗೆ ಮೋಟಾರು, ಪಂಪು ಎರಡೂ ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತವೆ. ಮಲಗಿಸಿ ಗುಂಡಿ ರಸ್ತೆಯಲ್ಲಿ ಒಯ್ದರೆ ಅವು ಸ್ಪ್ರಿಂಗಿನಿಂದ ಜಾರಬಹುದು, ಒಳಗಿನ ಸಣ್ಣ ಪೈಪು ಮುರಿಯಬಹುದು. ಹಾಗಾಗಿ ಮೆಟ್ಟಿಲಿನಲ್ಲಿ 45 ಡಿಗ್ರಿವರೆಗೆ ವಾಲಿಸಿ, ತೊಂದರೆಯಿಲ್ಲ. ಲಾರಿಯಲ್ಲಿ ಮಾತ್ರ ನಿಂತೇ ಹೋಗಲಿ. ಅನಿವಾರ್ಯವಾಗಿ ಮಲಗಿಸುವುದಾದರೆ ಕಂಪ್ರೆಸರಿನಿಂದ ಹೊರಟ ಪೈಪುಗಳು ಮೇಲ್ಮುಖವಾಗುವಂತೆ ಪಕ್ಕಕ್ಕೆ ಮಲಗಿಸಿ. ಬೆನ್ನ ಮೇಲೂ ಬೇಡ, ಬಾಗಿಲ ಮೇಲೂ ಬೇಡ.

ಹಿಂದಿನ ದಿನವೇ ಆಫ್ ಮಾಡಿ ಬಾಗಿಲು ತೆರೆದಿಡಿ. ಫ್ರಾಸ್ಟ್ ಫ್ರೀ ಎಂದರೆ ಮಂಜೇ ಇಲ್ಲ ಎಂದಲ್ಲ, ಫ್ರೀಜರಿನ ಹಿಂಬದಿ ಹಲಗೆಯ ಮರೆಯಲ್ಲಿರುತ್ತದೆ. ಅದು ಕರಗಿ ಕಂಪ್ರೆಸರಿನ ಮೇಲಿನ ಪ್ಲಾಸ್ಟಿಕ್ ತಟ್ಟೆಗೆ ಇಳಿಯುತ್ತದೆ. ತಟ್ಟೆ ಹೊರಬರದಿದ್ದರೆ ಸ್ಪಂಜಿನಿಂದ ಹೀರಿ ತೆಗೆಯಿರಿ. ಗಾಜಿನ ತಟ್ಟೆಗಳನ್ನು ಬೇರೆ ಕಟ್ಟಿ. ಬಾಗಿಲಿಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಗೋಂದು ಉಳಿಯುತ್ತದೆ, ಸ್ಟ್ರೆಚ್ ಫಿಲ್ಮ್ ಸುತ್ತಿದರೆ ಸಾಕು. ಸ್ಟಿಕ್ಕರಿನಲ್ಲಿ ಆರ್600ಎ ಎಂದಿದ್ದರೆ ಅದು ಬೆಂಕಿ ಹಿಡಿಯುವ ಗ್ಯಾಸ್. ಹಿಂಬದಿಯ ಪೈಪಿಗೆ ಹಗ್ಗ ಕಟ್ಟುವುದಾಗಲಿ ಮೊಳೆ ತಾಗಿಸುವುದಾಗಲಿ ಕೂಡದು.

ಹೊಸ ಮನೆಯ ಬಾಗಿಲಿನ ಅಗಲವನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಅಳೆಯಬೇಡಿ. ತೆರೆದ ಬಾಗಿಲಿನ ದಪ್ಪ ಕಳೆದು ಉಳಿಯುವ ಸಂದೇ ಲೆಕ್ಕ. ನಿಂತೇ ಬಂದ ಫ್ರಿಜ್ಜಿಗೆ ಸ್ವಿಚ್ ಹಾಕುವ ಮುಂಚೆ ಎರಡು ಮೂರು ಗಂಟೆ ಬಿಟ್ಟರೆ ಆಯಿತು.

ಫ್ಲೇರ್ ನಟ್

ಎಸಿ ವಿಷಯದಲ್ಲಿ ಆ ಮಾತಿಗೆ ಒಪ್ಪಬೇಡಿ. ಗ್ಯಾಸನ್ನು ಔಟ್‌ಡೋರ್ ಯೂನಿಟ್ಟಿನೊಳಗೇ ಹಿಡಿದಿಡುವುದಕ್ಕೆ ಪಂಪ್ ಡೌನ್ ಅನ್ನುತ್ತಾರೆ, ಹಿಡಿಯುವ ಕೆಲಸ ಒಂದೆರಡು ನಿಮಿಷದ್ದು.

ಎಸಿಯನ್ನು ಕೂಲಿಂಗ್‌ನಲ್ಲಿ ಹತ್ತು ನಿಮಿಷ ಓಡಿಸಬೇಕು. ಚಳಿ ದಿನವಾದರೆ ಇನ್ವರ್ಟರ್ ಕಂಪ್ರೆಸರ್ ತಾನಾಗಿ ಓಡುವುದಿಲ್ಲ, ಫೋರ್ಸ್ಡ್ ಕೂಲಿಂಗ್ (ಬಲವಂತವಾಗಿ ಓಡಿಸುವ ಮೋಡ್) ಹಾಕಬೇಕಾಗುತ್ತದೆ. ದಪ್ಪ ಪೈಪಿನ ವಾಲ್ವಿನ ಸರ್ವಿಸ್ ಪೋರ್ಟಿಗೆ ಒತ್ತಡ ಅಳೆಯುವ ಗೇಜ್ ಹಾಕಿ, ತೆಳು ಪೈಪಿನ ವಾಲ್ವನ್ನು ಅಲೆನ್ ಕೀಯಿಂದ ಪೂರ್ತಿ ಮುಚ್ಚಬೇಕು. ಮುಳ್ಳು ಇಳಿಯುತ್ತ ಸೊನ್ನೆಯ ಹತ್ತಿರ ಬಂದ ಕೂಡಲೇ ದಪ್ಪ ಪೈಪಿನದನ್ನೂ ಮುಚ್ಚಿ, ಆ ಕ್ಷಣವೇ ಪವರ್ ಆಫ್. ಮೂರು ನಿಮಿಷವಾದರೂ ಮುಳ್ಳು ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಲೈನ್ ಎಲ್ಲೋ ಸೋರುತ್ತಿದ್ದರೆ ಕಂಪ್ರೆಸರ್ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ, ಎಣ್ಣೆ, ಒತ್ತಡ, ಶಾಖ ಒಟ್ಟಾದರೆ ಕಂಪ್ರೆಸರ್ ಸಿಡಿದೇ ಹೋಗಬಹುದು. ಆದ್ದರಿಂದ ಇದನ್ನು ನೀವೇ ಮಾಡಲು ಹೋಗಬೇಡಿ, ಮಾಡುವವರ ಹತ್ತಿರ ಗೇಜ್ ಇದೆಯಾ ನೋಡಿ.

ಪೈಪಿನ ನಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು, ಒಂದು ವಾಲ್ವಿನ ಮೈ ಹಿಡಿಯಲು. ಬಿಚ್ಚಿದ ನಾಲ್ಕೂ ಬಾಯಿಗೆ ತಕ್ಷಣ ಮುಚ್ಚಳ, ಕನಿಷ್ಠ ಟೇಪ್. ಆರ್32 ಯಂತ್ರದ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ವೈರುಗಳ ಫೋಟೋ ತೆಗೆದಿಡಿ. ಇನ್ವರ್ಟರ್‌ನಲ್ಲಿ ಒಳಗಿಂದ ಹೊರಗೆ ಹೋಗುವ ಸಿಗ್ನಲ್ ವೈರ್ ಅದಲುಬದಲಾದರೆ ಎರರ್ ಬರುತ್ತದೆ, ಬೋರ್ಡೂ ಸುಡಬಹುದು.

ಹೊಸ ಮನೆಯಲ್ಲಿ ಹಳೇ ಫ್ಲೇರ್ (ನಟ್ಟಿಗೆ ಕೂರುವಂತೆ ಅಗಲಿಸಿದ ಪೈಪಿನ ತುದಿ) ಕತ್ತರಿಸಿ ಹೊಸದು ಮಾಡಿಸಿ. ಆಮೇಲೆ ಪಂಪಿನಲ್ಲಿ 20-30 ನಿಮಿಷ ವ್ಯಾಕ್ಯೂಮ್ (ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆಯುವುದು), ಹತ್ತು ನಿಮಿಷ ಬಿಟ್ಟು ಮುಳ್ಳು ಕದಲಿಲ್ಲ ಅಂತ ನೋಡಿ ವಾಲ್ವ್ ತೆರೆಯುವುದು. "ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳುತ್ತೇನೆ" ಅಂದರೆ ಬೇಡ ಅನ್ನಿ.

ಹೊಸ್ತಿಲು

ಮೂವರಿಗೂ ಧನ್ಯವಾದ. ಬೋಲ್ಟ್ ಆರ್ಡರ್ ಮಾಡಿದೆ, ನಾಲ್ಕು ಬರುತ್ತವೆ. ಲಾರಿಯಲ್ಲಿ ಯಾವುದನ್ನು ಎಲ್ಲಿ ಇಡಿಸಬೇಕು?

ಸ್ಪ್ಯಾನರ್_13

ಮೂರನ್ನೂ ಮುಂದೆ, ಡ್ರೈವರ್ ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ. ಹಿಂದಿನ ಚಕ್ರ ದಾಟಿ ಚಾಚಿದ ಭಾಗದಲ್ಲಿ ಕುಲುಕಾಟ ಅತಿ ಹೆಚ್ಚು, ಅಲ್ಲಿ ಹಾಸಿಗೆ, ಬಟ್ಟೆ ಗಂಟು ಹಾಕಿಸಿ. ಪಟ್ಟಿಯನ್ನು ಫ್ರಿಜ್ಜಿನ ಎತ್ತರದ ಮೂರನೇ ಎರಡರಷ್ಟರಲ್ಲಿ ಬಿಗಿಯಲಿ, ಮೂಲೆಗೆ ರಟ್ಟು ಕೊಟ್ಟು. ಎಸಿ ಔಟ್‌ಡೋರ್ ಕೂಡ ನಿಂತೇ ಇರಲಿ, ಅದರ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳಿಗೆ ಏನೂ ಒರಗದಂತೆ.

ಬೋಲ್ಟ್ ಹಾಕಿದ ಮೇಲೆ ಮಷಿನ್ ಬಾಗಿಲ ಮೇಲೆ "ಬೋಲ್ಟ್ ಇದೆ" ಅಂತ ಚೀಟಿ ಅಂಟಿಸಿ. ತೆಗೆಯದೆ ಓಡಿಸಿದರೆ ಟಬ್ಬಿನ ಪೂರ್ತಿ ಅದುರಾಟ ಹೊರಕವಚದ ಮೇಲೇ ಬೀಳುತ್ತದೆ. ತೆಗೆದವನ್ನು ಡ್ರೈನ್ ಪೈಪಿನ ಪಕ್ಕ ಒಂದು ಚೀಲದಲ್ಲಿ ಕಟ್ಟಿಡಿ. ಖಾಲಿ ರಂಧ್ರಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಲು ಮರೆಯಬೇಡಿ, ಅಲ್ಲಿಂದಲೂ ಇಲಿ ನುಗ್ಗಬಹುದು.