ಸಹಾಯ ಬೇಕು: ನೀಲಿ ಟಿಕ್ ಮುನಿಸಿಗೆ ಒಂದು ಪುಟದ ಕೈಪಿಡಿ

ಎಲ್ಲರಿಗೂ ನಮಸ್ಕಾರ. "ನೀಲಿ ಟಿಕ್ ಬಂದಿದೆ, ಉತ್ತರ ಮಾತ್ರ ಇಲ್ಲ" ಅನ್ನೋ ಮುನಿಸು ಈಗ ಮನೆಮನೆಯಲ್ಲೂ ಇದೆ. ಹಿರಿಯರಿಗಾಗಿ ವಾಟ್ಸಾಪ್ ಬಗ್ಗೆ ಒಂದು ಪುಟದ ಕೈಪಿಡಿ ತಯಾರಾಗುತ್ತಿದೆ, ನಿಮ್ಮ ನೆರವು ಬೇಕು.

ಈವರೆಗೆ ಬರೆದದ್ದು: ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿಗೆ ಹೋಗಿ ರೀಡ್ ರಿಸೀಪ್ಟ್ಸ್ (ಮೆಸೇಜ್ ನೋಡಿದ್ದನ್ನು ನೀಲಿ ಟಿಕ್‌ನಿಂದ ತಿಳಿಸುವ ಆಯ್ಕೆ) ಆಫ್ ಮಾಡಿದರೂ ನೀಲಿ ಟಿಕ್ ಹೋಗುವುದಿಲ್ಲ ಅನ್ನುವ ದೂರು ಬರುತ್ತದಲ್ಲ, ಅದು ಗ್ರೂಪ್‌ಗಳಲ್ಲಿ. ಅಲ್ಲಿ ಈ ಆಯ್ಕೆ ನಡೆಯುವುದಿಲ್ಲ. ಕಳಿಸಿದವರು ತಮ್ಮ ಮೆಸೇಜ್ ಒತ್ತಿ ಹಿಡಿದು ಇನ್ಫೋ ನೋಡಿದರೆ ಓದಿದವರ ಪಟ್ಟಿ ಸಿಗುತ್ತದೆ. ವಾಯ್ಸ್ ಮೆಸೇಜ್ ಕೇಳಿದ್ದೂ ಗೊತ್ತಾಗುತ್ತದೆ. ಒಬ್ಬೊಬ್ಬರ ಚಾಟ್‌ನಲ್ಲಿ ಮಾತ್ರ ಟಿಕ್ ನೀಲಿಯಾಗದು. ಆದರೆ ಹೀಗೆ ಆಫ್ ಮಾಡಿದಾಗ ಅಲ್ಲಿ ಬೇರೆಯವರು ಓದಿದ್ದು ನಿಮಗೂ ಕಾಣದು, ನಿಮ್ಮ ಸ್ಟೇಟಸ್ ಯಾರು ನೋಡಿದರು ಎಂಬುದೂ ತಿಳಿಯದು. (ಹಲವರು ಹಿಂದೆ ಸರಿಯುವುದೇ ಇಲ್ಲಿ!) ಅಂದಹಾಗೆ, ನೀಲಿ ಟಿಕ್ ಅಂದರೆ ಚಾಟ್ ತೆರೆದಿದೆ ಅಂತಷ್ಟೇ, ಓದಿ ಅಸಡ್ಡೆ ಮಾಡಿದರು ಅಂತಲ್ಲ.

ಆಪ್ ಭಾಷೆ ಕನ್ನಡಕ್ಕೆ ಇಟ್ಟುಕೊಂಡವರು ಈ ಮೆನುಗಳ ಹೆಸರು ಇದ್ದಂತೆಯೇ ಬರೆದು ಕಳಿಸಿ, ಸ್ಕ್ರೀನ್‌ಶಾಟ್ ಆದರೆ ಫೋನ್ ನಂಬರ್ ಮುಚ್ಚಿ. ಹಾಗೆಯೇ ನೆಂಟರ ಸ್ಟೇಟಸ್ ಮ್ಯೂಟ್ ಮಾಡಿದರೆ ಅವರಿಗೆ ಸೂಚನೆ ಹೋಗುವುದಿಲ್ಲ ಎಂಬುದನ್ನು ಅಜ್ಜಿಯಂದಿರಿಗೂ ತಿಳಿಯುವಂತೆ ಒಂದೇ ಸಾಲಿನಲ್ಲಿ ಹೇಗೆ ಬರೆಯಬಹುದು?