ಕೊಡುಗೆಯೋ ಬಾಡಿಗೆಯೋ: ಮಾಲ್ಟಾ ಬಗ್ಗೆ ನಮ್ಮ ಮನೆ ಗುಂಪಿನ ಜಗಳ

(ವೀಣಕ್ಕ ನರ್ಸ್ ಕೆಲಸಕ್ಕೆ ಯುರೋಪಿನ ಪುಟ್ಟ ದ್ವೀಪ ದೇಶ ಮಾಲ್ಟಾಗೆ ಹೋದ ಮೇಲೆ ಆ ದೇಶದ ಬಗ್ಗೆ ಏನು ಸಿಕ್ಕಿದರೂ ದೊಡ್ಡಪ್ಪ ಗುಂಪಿಗೆ ಹಾಕುತ್ತಾರೆ. ಅವರು ವೀಣಕ್ಕನ ಅಪ್ಪ. ಹಾಗಾಗಿ ಯಾರೂ ಏನೂ ಅನ್ನುವುದಿಲ್ಲ, ಸುರೇಶ ಚಿಕ್ಕಪ್ಪನನ್ನು ಬಿಟ್ಟು.)

ದೊಡ್ಡಪ್ಪ [ಹಲವು ಬಾರಿ ಫಾರ್ವರ್ಡ್ ಆಗಿದೆ]: ನಿಮಗಿದು ಗೊತ್ತೇ?? ಭೂಪಟದಲ್ಲಿ ಚುಕ್ಕಿಯಷ್ಟಿರುವ ಮಾಲ್ಟಾ ಹಾಲಿವುಡ್‌ನ ತವರುಮನೆ! ಗ್ಲಾಡಿಯೇಟರ್, ಟ್ರಾಯ್, ಗೇಮ್ ಆಫ್ ಥ್ರೋನ್ಸ್ ಎಲ್ಲವೂ ಈ ದೇಶದ ಕೊಡುಗೆ. ಪಾಪಾಯ್ ಹುಟ್ಟಿದ ಹಳ್ಳಿ ಇಲ್ಲಿದೆ. ಮಾಲ್ಟೀಸ್ ಫಾಲ್ಕನ್ ಸಿನಿಮಾ ತೆಗೆದದ್ದೂ ಇಲ್ಲೇ. ಸಮುದ್ರದ ಮೇಲಿನ ಕಲ್ಲಿನ ಕಿಟಕಿಯನ್ನು ಬದುಕಿನಲ್ಲಿ ಒಮ್ಮೆ ನೋಡಲೇಬೇಕು. ಹತ್ತು ಜನರಿಗೆ ಕಳಿಸಿ.

ಶೋಭಾ ಅತ್ತೆ: ಸೂಪರ್ ಅಣ್ಣ

ಸುರೇಶ ಚಿಕ್ಕಪ್ಪ: ಅಣ್ಣ, ಅದು ಕೊಡುಗೆ ಅಲ್ಲ, ಬಾಡಿಗೆ. ಕಲ್ಯಾಣ ಮಂಟಪ ಕೊಟ್ಟವರು ಮದುವೆ ಮನೆಯವರು ಆಗುತ್ತಾರಾ?

ದೊಡ್ಡಪ್ಪ: ಬೆಂಗಳೂರಿನ ಅರ್ಧದಷ್ಟೂ ಇಲ್ಲದ ದೇಶವಪ್ಪ ಅದು. ಬರೀ 316 ಚದರ ಕಿಲೋಮೀಟರ್. ಅಲ್ಲಿಗೆ ಸ್ಪೀಲ್‌ಬರ್ಗ್ ಬರುತ್ತಾನೆ ಅಂದರೆ ಸುಮ್ನೆನಾ?

ಕಿರಣ: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಆ ಕಲ್ಲಿನ ಕಿಟಕಿ, ಅಂದರೆ ಸಮುದ್ರದಲ್ಲಿ ತಾನಾಗಿ ಆಗಿದ್ದ ಬಂಡೆಯ ಕಮಾನು, ಈಗ ಇಲ್ಲ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು. ಗೇಮ್ ಆಫ್ ಥ್ರೋನ್ಸ್ ಟಿವಿ ಧಾರಾವಾಹಿಯ ಮೊದಲ ಸೀಸನ್‌ನ ಮದುವೆ ತೆಗೆದದ್ದು ಅದರ ಮುಂದೆಯೇ. ಎರಡನೇ ಸೀಸನ್‌ಗೆ ಅವರು ಗಂಟುಮೂಟೆ ಕಟ್ಟಿಕೊಂಡು ಕ್ರೊಯೇಷಿಯಾಗೆ ಹೋದರು.

ಸುರೇಶ ಚಿಕ್ಕಪ್ಪ: ನೋಡಿದಿರಾ? ಬಾಡಿಗೆಯವರು ಮನೆ ಬದಲಾಯಿಸಿದರು.

ಕಿರಣ: ಹೋಗುವ ಮುಂಚೆ ಇನ್ನೊಂದು ಕೆಲಸ ಮಾಡಿದ್ದರು. ಶೂಟಿಂಗ್‌ಗೆ ಅಂತ ಅಲ್ಲಿನ ಬಂಡೆಗಳ ಮೇಲೆ ಮರಳು ಸುರಿದರು. ಪಳೆಯುಳಿಕೆಗಳಿದ್ದ, ಸರ್ಕಾರ ಕಾಪಾಡುತ್ತಿದ್ದ ಜಾಗ ಅದು. ದೊಡ್ಡ ಗಲಾಟೆ ಆಯಿತು.

ನಾನು: ಪಾಪಾಯ್ ಕೂಡ ಅಮೆರಿಕದವನು ದೊಡ್ಡಪ್ಪ, 1929ರಲ್ಲಿ ಪತ್ರಿಕೆಯ ಕಾರ್ಟೂನ್ ಕತೆಯಲ್ಲಿ ಹುಟ್ಟಿದವನು. 1980ರಲ್ಲಿ ರಾಬಿನ್ ವಿಲಿಯಮ್ಸ್ ಪಾಪಾಯ್ ಆದ ಸಿನಿಮಾಗೆ ಮಾಲ್ಟಾದಲ್ಲಿ ಸೆಟ್ ಹಾಕಿದರು. ಮರ ಹಾಲೆಂಡಿನಿಂದ, ಚಾವಣಿಯ ಮರದ ಹಲಗೆ ಕೆನಡಾದಿಂದ. ಸಿನಿಮಾ ಮುಗಿದ ಮೇಲೂ ಸೆಟ್ ಕೀಳಲಿಲ್ಲ. ಈಗಲೂ ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ಇನ್ನು 1941ರ ಮಾಲ್ಟೀಸ್ ಫಾಲ್ಕನ್ ಪೂರ್ತಿ ಅಮೆರಿಕದ್ದು. ಆದರೆ ಆ ಫಾಲ್ಕನ್, ಅಂದರೆ ಡೇಗೆ ಹಕ್ಕಿಯ ಕತೆಗೆ ಬೇರು ಇದೆ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಈ ದ್ವೀಪವನ್ನು ಸೇಂಟ್ ಜಾನ್ ಎಂಬ ಕ್ರೈಸ್ತ ಪಂಥದ ಯೋಧರಿಗೆ ಕೊಟ್ಟಾಗ ವರ್ಷಕ್ಕೆ ಒಂದು ಡೇಗೆ ಹಕ್ಕಿ ಕಪ್ಪ ಕೊಡಬೇಕು ಅಂತ ಕರಾರಾಗಿತ್ತು.

ಸುರೇಶ ಚಿಕ್ಕಪ್ಪ: ಅಲ್ಲೂ ಬಾಡಿಗೆ 😂

ದೊಡ್ಡಪ್ಪ: ನಿಮಗೆಲ್ಲ ತಪ್ಪು ಹುಡುಕುವುದೇ ಕೆಲಸ. ಗ್ಲಾಡಿಯೇಟರ್ ಆದರೂ ನಿಜ ತಾನೇ?

ವೀಣಕ್ಕ: ಡ್ಯೂಟಿ ಈಗ ಮುಗಿಯಿತು. ಏನಿದು ಇಷ್ಟೊಂದು ಮೆಸೇಜ್? ಅಪ್ಪ, ಗ್ಲಾಡಿಯೇಟರ್ ನಿಜ. ರಾಜಧಾನಿ ವ್ಯಾಲೆಟ್ಟಾದಲ್ಲಿ ನಿಂತರೆ ಬಂದರಿನ ಬಾಯಲ್ಲಿ, ಆಚೆ ದಡಕ್ಕೆ, ರಿಕಾಸೋಲಿ ಅಂತ ಒಂದು ಕೋಟೆ ಕಾಣುತ್ತದೆ. ರೋಮ್ ಅಂತ ತೋರಿಸಿದ್ದು ಅದನ್ನೇ. ಕೊಲೊಸಿಯಂನ ಒಂದು ಭಾಗ ಮಾತ್ರ ಕಟ್ಟಿದ್ದರಂತೆ, ಉಳಿದದ್ದು ಕಂಪ್ಯೂಟರ್. 2023ರಲ್ಲಿ ಎರಡನೇ ಗ್ಲಾಡಿಯೇಟರ್‌ಗೂ ಅದೇ ಕೋಟೆಗೆ ಬಂದರು. ಇಲ್ಲಿ ಮನೆ, ಚರ್ಚು, ಕೋಟೆ ಎಲ್ಲ ಒಂದೇ ಜೇನು ಬಣ್ಣದ ಸುಣ್ಣದ ಕಲ್ಲು. ಅದಕ್ಕೇ ರೋಮ್ ಅಂದರೂ ನಂಬಬಹುದು, ಜೆರುಸಲೇಮ್ ಅಂದರೂ ನಂಬಬಹುದು.

ಕಿರಣ: ವರ್ಲ್ಡ್ ವಾರ್ ಝಡ್‌ನಲ್ಲಿ ಜೆರುಸಲೇಮ್ ಆಗಿದ್ದು ಇದೇ ವ್ಯಾಲೆಟ್ಟಾ. ಸ್ಪೀಲ್‌ಬರ್ಗ್‌ನ ಮ್ಯೂನಿಕ್ ಅನ್ನುವ ಒಂದೇ ಸಿನಿಮಾಗೆ ಬೈರೂತ್, ಅಥೆನ್ಸ್, ಟೆಲ್ ಅವೀವ್ ಎಲ್ಲ ಇದೇ ದ್ವೀಪ. ಮಿಡ್‌ನೈಟ್ ಎಕ್ಸ್‌ಪ್ರೆಸ್‌ನ ಟರ್ಕಿ ಜೈಲು ಇಲ್ಲಿನ ಸೇಂಟ್ ಎಲ್ಮೋ ಕೋಟೆ.

ಶೋಭಾ ಅತ್ತೆ: ವೀಣಾ ಊಟ ಆಯ್ತಾ?

ವೀಣಕ್ಕ: ಆಯ್ತು ಅತ್ತೆ.

ಸುರೇಶ ಚಿಕ್ಕಪ್ಪ: ನಾನು ಹೇಳಿದ್ದು ಅದೇ ತಾನೇ? ಮಾಲ್ಟಾ ಎಲ್ಲ ಊರೂ ಆಗುತ್ತದೆ, ಮಾಲ್ಟಾ ಮಾತ್ರ ಆಗುವುದಿಲ್ಲ. ಇದರಲ್ಲಿ ಹೆಮ್ಮೆ ಏನು ಬಂತು?

ನಾನು: ಚಿಕ್ಕಪ್ಪ, ಬರೀ ಜಾಗ ಕೊಟ್ಟರೆ ಬಾಡಿಗೆ ಅನ್ನಿ. ಅಲ್ಲಿನ ಕಲ್ಕಾರಾ ಅನ್ನುವ ಊರಿನಲ್ಲಿ ಸಿನಿಮಾ ಶೂಟಿಂಗ್‌ಗೆ ಅಂತಲೇ ಇರುವ ನೀರಿನ ತೊಟ್ಟಿಗೆ ಏನಂತೀರಿ? 1964ರಲ್ಲಿ ಕಟ್ಟಿದ್ದು. ಸುಮಾರು 300 ಅಡಿ ಅಗಲ, 400 ಅಡಿ ಉದ್ದ, ಆಳ ಜಾಸ್ತಿ ಇಲ್ಲ. ಸಮುದ್ರದ ಅಂಚಿನಲ್ಲೇ ಇದೆ. ನೀರು ತುಂಬಿಸಿದಾಗ ಆ ಕಡೆಯ ಗೋಡೆಯ ಮೇಲಿಂದ ತುಳುಕಿ ಹೊರಗೆ ಹರಿಯುತ್ತದೆ, ಹಾಗಾಗಿ ಗೋಡೆಯೇ ಕಾಣುವುದಿಲ್ಲ. ಕ್ಯಾಮೆರಾ ಸರಿಯಾದ ಎತ್ತರಕ್ಕೆ ಇಟ್ಟರೆ ತೊಟ್ಟಿಯ ನೀರು ಮುಗಿಯುವ ಗೆರೆ, ಹಿಂದಿನ ನಿಜ ಸಮುದ್ರ ಶುರುವಾಗುವ ಗೆರೆ ಎರಡೂ ಒಂದಾಗುತ್ತವೆ. ಅದರ ಮೇಲೆ ಬರೀ ಆಕಾಶ. ಗಾಳಿ ಯಂತ್ರ, ಅಲೆ ಯಂತ್ರ ಹಾಕಿದರೆ ಸೊಂಟದ ಮಟ್ಟದ ನೀರಿನಲ್ಲೂ ನಡುಗಡಲಿನ ಬಿರುಗಾಳಿ. ನಟರು ಮುಳುಗುವ ಭಯ ಇಲ್ಲ, ಹಡಗು ಕೊಚ್ಚಿ ಹೋಗುವ ಭಯ ಇಲ್ಲ. ಆ ಬಿರುಗಾಳಿ ಎಬ್ಬಿಸುವುದನ್ನು ಎರಡು ಮೂರು ತಲೆಮಾರಿನಿಂದ ಅಲ್ಲಿನವರು ಕಲಿತಿದ್ದಾರೆ. ಅದು ಕಸುಬು, ಬಾಡಿಗೆ ಅಲ್ಲ.

ಸುರೇಶ ಚಿಕ್ಕಪ್ಪ: ಪಕ್ಕದಲ್ಲಿ ಇನ್ನೊಂದು ಆಳದ ತೊಟ್ಟಿ ಇದೆ, ಅದನ್ನೂ ಹೇಳು. ಟೈಟಾನಿಕ್ ಹಡಗನ್ನು ಮೇಲೆತ್ತುವ ಸಿನಿಮಾಗೆ ಅಂತ ಕಟ್ಟಿದ್ದು. 50 ಅಡಿಗೂ ಉದ್ದದ ಮಾದರಿ ಹಡಗು ಮಾಡಿದರು. 1980ರಲ್ಲಿ ಸಿನಿಮಾ ಬಂತು, ತೋಪೆದ್ದು ಹೋಯಿತು. ಹಡಗು ಅಲ್ಲೇ ತುಕ್ಕು ಹಿಡಿಯಿತು.

ಕಿರಣ: ನಮ್ಮ ಆಮಿರ್ ಖಾನ್, ಅಮಿತಾಭ್ ಕೂಡ ಥಗ್ಸ್ ಆಫ್ ಹಿಂದೋಸ್ತಾನ್‌ಗೆ ಮಾಲ್ಟಾದಲ್ಲೇ ಹಡಗು ಕಟ್ಟಿಸಿದ್ದರು.

ಸುರೇಶ ಚಿಕ್ಕಪ್ಪ: ಅದೂ ತೋಪು.

ಕಿರಣ: ಕ್ಯಾಪ್ಟನ್ ಫಿಲಿಪ್ಸ್ ಗೆದ್ದಿತಲ್ಲ ಚಿಕ್ಕಪ್ಪ. ಅದೂ ಅಲ್ಲಿನ ನೀರೇ.

ದೊಡ್ಡಪ್ಪ: ಹಾಗೆ ನೋಡಿದರೆ ನಮ್ಮ ರಾಮನಗರವೂ ಶೋಲೆಯಲ್ಲಿ ಬೇರೆ ಊರೇ. ನಿನಗೆ ಅದರಲ್ಲಿ ಹೆಮ್ಮೆ ಇಲ್ಲವಾ ಸುರೇಶ? ನೀನೇ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಿ ಬಂಡೆ ಮೇಲೆ ನಿಂತು ಫೋಟೋ ಹಿಡಿಸಿಕೊಂಡಿದ್ದೆ.

ಶೋಭಾ ಅತ್ತೆ: 😂😂 ಆ ಫೋಟೋ ನನ್ನ ಹತ್ತಿರ ಇದೆ, ಹಾಕಲಾ?

ಸುರೇಶ ಚಿಕ್ಕಪ್ಪ: ಬೇಡ. ವಿಷಯಕ್ಕೆ ಬನ್ನಿ. ರಾಮನಗರಕ್ಕೆ ಶೋಲೆ ಬಿಟ್ಟು ಬೇರೆ ಬದುಕೂ ಇದೆ. ಮಾಲ್ಟಾ ಸರ್ಕಾರ ಹೊರಗಿನ ಸಿನಿಮಾದವರು ಅಲ್ಲಿ ಮಾಡುವ ಖರ್ಚಿನಲ್ಲಿ 40%ವರೆಗೂ ವಾಪಸ್ ಕೊಡುತ್ತದೆ. ದುಡ್ಡು ಕೊಟ್ಟು ಕರೆಸಿಕೊಂಡು ಬೇರೆ ಊರಿನ ವೇಷ ಹಾಕುವುದು ಅದು.

ಕಿರಣ: ಒಮ್ಮೆ ಮಾಲ್ಟಾ ಮಾಲ್ಟಾ ಆಗಿಯೇ ಬಂದಿದೆ. 2022ರ ಜುರಾಸಿಕ್ ವರ್ಲ್ಡ್‌ನಲ್ಲಿ. ವ್ಯಾಲೆಟ್ಟಾ ಬೀದಿಗಳಲ್ಲಿ ಡೈನೋಸಾರ್ ಅಟ್ಟಿಸಿಕೊಂಡು ಬರುತ್ತದೆ.

ಸುರೇಶ ಚಿಕ್ಕಪ್ಪ: ಅದರಲ್ಲಿ ಆ ಊರಿನ ಪಾತ್ರ ಏನು?

ಕಿರಣ: ಡೈನೋಸಾರ್ ಮಾರುವ ಕಳ್ಳಸಂತೆ.

ಸುರೇಶ ಚಿಕ್ಕಪ್ಪ: ಮುಗಿಯಿತು. ಸ್ವಂತ ಹೆಸರಿನಲ್ಲಿ ಬಂದದ್ದಕ್ಕೆ ಸಿಕ್ಕ ಮರ್ಯಾದೆ ಇದು.

ನಾನು: ಅಲ್ಲಿನ ನಟನ ಕತೆಯೂ ಹೀಗೇ ಚಿಕ್ಕಪ್ಪ. ಜೋಸೆಫ್ ಕಲೇಯಾ, 1897ರಲ್ಲಿ ಮಾಲ್ಟಾದಲ್ಲಿ ಹುಟ್ಟಿದವನು. ಹಾಲಿವುಡ್‌ನಲ್ಲಿ ಒಳ್ಳೆಯ ಹೆಸರು ಮಾಡಿದ. ಒಂದರಲ್ಲಿ ಅಲ್ಜೀರಿಯಾದ ಪೊಲೀಸ್, ಇನ್ನೊಂದರಲ್ಲಿ ಸ್ಪೇನಿನ ಗೆರಿಲ್ಲಾ. ಕೊನೆಗೆ ಊರಿಗೆ ವಾಪಸ್ ಬಂದು ಅಲ್ಲೇ ತೀರಿಕೊಂಡ. ನಮ್ಮ ಮೈಸೂರು ಸೀಮೆಯ ನಟ ಸಾಬು ಸಿನಿಮಾದಲ್ಲಿ ಬಾಗ್ದಾದಿನ ಕಳ್ಳನಾದ ಹಾಗೆ. ಅದಕ್ಕೆ ಸಾಬು ನಮ್ಮವನಲ್ಲ ಅಂತೀರಾ?

ಸುರೇಶ ಚಿಕ್ಕಪ್ಪ: ಸಾಬು ನಮ್ಮವನೇ. ಆ ಸಿನಿಮಾ ನಮ್ಮದಲ್ಲ. ನಾನು ಕೇಳುವುದು ಇಷ್ಟೇ: ಮಾಲ್ಟಾದವರ ಭಾಷೆಯಲ್ಲಿ, ಮಾಲ್ಟಾದವರ ಕತೆ, ಹೊರಗಿನವರು ನೋಡಿದ್ದು ಒಂದಾದರೂ ಇದೆಯಾ?

ವೀಣಕ್ಕ: ಇದೆ ಚಿಕ್ಕಪ್ಪ. ಲುತ್ಸು ಅಂತ, 2021ರದ್ದು. ಲುತ್ಸು ಅಂದರೆ ಇಲ್ಲಿನ ಮೀನು ಹಿಡಿಯುವ ದೋಣಿ. ನೀಲಿ, ಹಳದಿ, ಕೆಂಪು ಪಟ್ಟೆ ಬಳಿದಿರುತ್ತಾರೆ. ಮೂತಿಯ ಎರಡೂ ಕಡೆ ಕಣ್ಣು ಇರುತ್ತದೆ. ದೃಷ್ಟಿ ತಾಗದಿರಲಿ ಅಂತ. ಅಜ್ಜನ ಕಾಲದ ದೋಣಿ ಸೋರುತ್ತಿದೆ, ಮನೆಯಲ್ಲಿ ಹಸುಗೂಸು, ದೋಣಿ ಒಪ್ಪಿಸಿ ಮೀನುಗಾರಿಕೆ ಬಿಟ್ಟರೆ ಯುರೋಪ್ ಒಕ್ಕೂಟ ದುಡ್ಡು ಕೊಡುತ್ತದೆ. ಅದೇ ಕತೆ. ನಾಯಕ ನಿಜವಾಗಿಯೂ ಮೀನುಗಾರ, ಮೊದಲು ನಟಿಸಿದವನೇ ಅಲ್ಲ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅವನ ನಟನೆಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ನನ್ನ ಜೊತೆ ಕೆಲಸ ಮಾಡುವ ಮಾಲ್ಟಾದ ಸಿಸ್ಟರ್ ಗ್ಲಾಡಿಯೇಟರ್ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಇದರ ಬಗ್ಗೆ ಕೇಳಿದರೆ ಶಿಫ್ಟ್ ಮುಗಿಯುವವರೆಗೂ ಹೇಳುತ್ತಾರೆ.

ಸುರೇಶ ಚಿಕ್ಕಪ್ಪ: ಇದನ್ನು ಆ ಫಾರ್ವರ್ಡ್‌ನಲ್ಲಿ ಯಾಕೆ ಹಾಕಿಲ್ಲ ಮತ್ತೆ?

ದೊಡ್ಡಪ್ಪ: ಈಗ ನಾನೇ ಹಾಕುತ್ತೇನೆ ಇರು.

ದೊಡ್ಡಪ್ಪ: ಮಾಲ್ಟಾದ ಬಡ ಮೀನುಗಾರನಿಗೆ ಆಸ್ಕರ್!! ಹೆಮ್ಮೆಯಿಂದ ಹಂಚಿಕೊಳ್ಳಿ.

ವೀಣಕ್ಕ: ಅಪ್ಪ, ಆಸ್ಕರ್ ಅಲ್ಲ, ಸನ್‌ಡಾನ್ಸ್!

ದೊಡ್ಡಪ್ಪ: ವಾಕಿಂಗ್ ಗುಂಪಿಗೂ ಬ್ಯಾಂಕಿನ ನಿವೃತ್ತರ ಗುಂಪಿಗೂ ಹೋಗಿಬಿಟ್ಟಿತು. ಇದನ್ನು ಅಳಿಸುವುದು ಹೇಗೆ ಕಿರಣ?